ಅವ್ವ ಸತ್ತ ದಿನದ ರಜಾ ಸಂಬಳ

ನಿವೃತ್ತಿಯಾಗಿ ನಾಲ್ಕು ತಿಂಗಳು ಕಳೆದರೂ ನನ್ನ ಪೆನ್ಶನ್ ಮಂಜೂರಾಗಲಿಲ್ಲ. ನನ್ನ ಜೊತೆಗೇ ನಿವೃತ್ತರಾದ ಇಬ್ಬರು ದಫೇದಾರರಿಗೆ ಆಗಲೇ ಬ್ಯಾಂಕಿಗೆ ಹಣ ಬರತೊಡಗಿತ್ತು. ನಾನು ಮಹಿಳಾ ಪೇದೆಯಾಗಿ ಸೇರಿ ಎ.ಎಸ್.ಐ. ಆಗಿ ಹೊರಬಂದವಳು. ಒಂದು ದಿನವೂ ಅಮಾನತಾಗಿಲ್ಲ, ಒಂದೂ ಇಲಾಖಾ ವಿಚಾರಣೆ ಇಲ್ಲ. ಆದರೂ ಕಚೇರಿಗೆ ಹೋದಾಗಲೆಲ್ಲ ‘ಒಂದು ಆಕ್ಷೇಪಣೆ ಇದೆ, ಮುಂದಿನ ವಾರ ಬನ್ನಿ’ ಎನ್ನುತ್ತಿದ್ದರು. ಏನು ಆಕ್ಷೇಪಣೆ ಎಂದು ಹೇಳುತ್ತಿರಲಿಲ್ಲ. ಐದನೇ ಸಲ ಹೋದಾಗ ನಾನು ಕುರ್ಚಿ ಎಳೆದುಕೊಂಡು ಕುಳಿತೆ. ಹೇಳುವ ತನಕ ಏಳುವುದಿಲ್ಲ ಎಂದೆ.

ಪೆನ್ಶನ್ ಕಾಗದ ನೋಡುತ್ತಿದ್ದವನು ಎಳೆಯ ವಯಸ್ಸಿನ ಗುಮಾಸ್ತ, ಮಾತಿನಲ್ಲಿ ವಿನಯವಿತ್ತು. ಕಡತ ತೆಗೆದು ನನ್ನತ್ತ ತಿರುಗಿಸಿದ. ನನ್ನ ಸೇವಾ ಪುಸ್ತಕದಲ್ಲಿ ಒಂದು ಭಾನುವಾರದ ಎದುರು ‘ಗಳಿಕೆ ರಜೆ’ ಎಂದಿತ್ತು. ಅದೇ ಭಾನುವಾರಕ್ಕೆ ನಾನು ರಜಾ ಸಂಬಳವನ್ನೂ ತೆಗೆದುಕೊಂಡಿದ್ದೆ ಎಂದು ಬಿಲ್ಲು ಹೇಳುತ್ತಿತ್ತು. ರಜೆಯಲ್ಲಿದ್ದವಳು ಕೆಲಸ ಮಾಡಿದ ಹಣ ಪಡೆಯುವುದು ಹೇಗೆ ಎಂದು ಲೆಕ್ಕ ತಪಾಸಣೆಯವರು ಕೇಳಿದ್ದರು. ಅದು ತೀರುವವರೆಗೆ ಪೆನ್ಶನ್ ಕಾಗದ ಮುಂದೆ ಹೋಗುವ ಹಾಗಿರಲಿಲ್ಲ.

ತಾರೀಖು ನೋಡಿದೆ, ಇಪ್ಪತ್ತು ವರ್ಷಕ್ಕೂ ಹಿಂದಿನದು. ಅದು ನನ್ನ ಅವ್ವ ಸತ್ತ ದಿನ.

ಪೊಲೀಸರ ರಜಾ ಸಂಬಳ ಎಂದರೇನೆಂದು ಹೊರಗಿನವರಿಗೆ ಗೊತ್ತಿರುವುದಿಲ್ಲ. ಎಲ್ಲ ನೌಕರರಂತೆ ನಮಗೂ ವಾರಕ್ಕೊಂದು ರಜೆ ಎಂದು ಕಾಗದದ ಮೇಲೆ ಇರುತ್ತದೆ. ಗಣೇಶ, ರಂಜಾನ್, ಚುನಾವಣೆ, ಮಂತ್ರಿಗಳು ಬರುವುದು, ಯಾರದೋ ಪ್ರತಿಭಟನೆ, ಏನಾದರೊಂದು ಬಂದು ಅದು ರದ್ದಾಗುತ್ತದೆ. ರದ್ದಾದ ರಜೆಗೆ ಬದಲಾಗಿ ಸಂಬಳದ ಚೀಟಿಯಲ್ಲಿ ಬೇರೆ ಸಾಲಿನಲ್ಲಿ ಸ್ವಲ್ಪ ಹಣ ಬರುತ್ತದೆ. ನನ್ನ ಮಗಳ ಮೊದಲ ಹುಟ್ಟುಹಬ್ಬ, ಅವಳ ಶಾಲೆಯ ನಾಟಕ, ನಾದಿನಿಯ ಮದುವೆಯ ಧಾರೆ, ಎಲ್ಲಕ್ಕೂ ಬದಲಾಗಿ ನನಗೆ ಆ ಸಾಲು ಸಿಕ್ಕಿದೆ.

ಅವ್ವ ದೊಡ್ಡಆಲಹಳ್ಳಿಯಲ್ಲಿ ನನ್ನ ತಮ್ಮನ ಜೊತೆಗಿದ್ದಳು. ಆ ಭಾನುವಾರ ನನ್ನ ವಾರದ ರಜೆ. ಹೋಗಿ ಅವಳನ್ನು ಕನಕಪುರದ ಡಾಕ್ಟರಿಗೆ ತೋರಿಸಬೇಕೆಂದಿದ್ದೆ. ಶನಿವಾರ ಸಂಜೆ ಹಾಜರಾತಿಯಲ್ಲಿ ಎಲ್ಲರ ರಜೆಯೂ ರದ್ದು ಎಂದರು. ರಾಮನಗರದಲ್ಲಿ ಗಣೇಶನ ಮೆರವಣಿಗೆಯಿತ್ತು. ನನ್ನನ್ನು ರೇಷ್ಮೆಗೂಡಿನ ಮಾರುಕಟ್ಟೆಯ ಹತ್ತಿರದ ತಿರುವಿನಲ್ಲಿ ನಿಲ್ಲಿಸಿದರು. ಆಗ ನನ್ನ ಕೈಯಲ್ಲಿ ಮೊಬೈಲು ಇರಲಿಲ್ಲ. ನನ್ನ ಗಂಡ ಚನ್ನಪಟ್ಟಣದ ಗೊಂಬೆಗಳನ್ನು ಹೇರಿಕೊಂಡು ಹುಬ್ಬಳ್ಳಿಯ ಒಂದು ಮೇಳಕ್ಕೆ ಹೋಗಿದ್ದರು.

ಹನ್ನೊಂದು ಗಂಟೆಯ ಹೊತ್ತಿಗೆ ಠಾಣೆಯಿಂದ ಒಬ್ಬ ಪೇದೆ ಬೈಕಿನಲ್ಲಿ ಬಂದು, ಊರಿಂದ ಫೋನು ಬಂದಿತ್ತು, ನಿಮ್ಮ ತಾಯಿ ಹೋಗಿಬಿಟ್ಟರಂತೆ ಎಂದ. ನಾನು ಓಡಿಹೋಗಿ ಇನ್‌ಸ್ಪೆಕ್ಟರ ಜೀಪಿನ ಮುಂದೆ ನಿಂತೆ. ಅವರು ‘ಅಯ್ಯೋ ಪಾಪ’ ಎಂದರು. ಬದಲಿ ಕಳಿಸುತ್ತೇನೆ, ಬಂದ ತಕ್ಷಣ ಹೊರಡು ಎಂದರು. ನಾನು ತಿರುಗಿ ಬಂದು ನನ್ನ ಜಾಗದಲ್ಲಿ ನಿಂತೆ. ಡೋಲು ಹೊಡೆದುಕೊಂಡು, ಬಣ್ಣ ಎರಚಿಕೊಂಡು ಒಂದಾದ ಮೇಲೊಂದು ಟ್ರ್ಯಾಕ್ಟರು ಹೋದವು. ಹಗ್ಗ ಹಿಡಿದು ಜನರನ್ನು ಹಿಂದಕ್ಕೆ ತಳ್ಳುತ್ತಲೇ ಇದ್ದೆ. ಬದಲಿ ಬರಲಿಲ್ಲ. ನಾಲ್ಕೂಕಾಲಿಗೆ ಕೊನೆಯ ಗಣೇಶ ದಾಟಿದ ಮೇಲೆ ಬಂದೋಬಸ್ತ್ ಪಟ್ಟಿಗೆ ಸಹಿ ಹಾಕಿಸಿಕೊಂಡು ನನ್ನನ್ನು ಬಿಟ್ಟರು.

ಕನಕಪುರದ ಬಸ್ಸು ಹಿಡಿದು, ಅಲ್ಲಿಂದ ಇನ್ನೊಂದು ಹಿಡಿದು ಊರು ಸೇರುವಾಗ ಹೊತ್ತು ಮುಳುಗುತ್ತಿತ್ತು. ಮಣ್ಣು ಮಾಡಿ ಎಲ್ಲರೂ ಹೊಲದಿಂದ ವಾಪಸು ಬರುತ್ತಿದ್ದರು. ತಮ್ಮ ನನ್ನ ಖಾಕಿ ಬಟ್ಟೆಯನ್ನು ಮೇಲಿಂದ ಕೆಳಗೆ ನೋಡಿದ. ‘ಈಗ ಬಂದ್ಯಾ’ ಎಂದಷ್ಟೇ ಹೇಳಿ ಮುಂದೆ ಹೋದ. ಅಂದಿನಿಂದ ಅವನು ನನ್ನ ಜೊತೆ ಸರಿಯಾಗಿ ಮಾತಾಡಿಲ್ಲ. ಕರೆದರೆ ಬರುತ್ತಿದ್ದ, ಉಣ್ಣುತ್ತಿದ್ದ, ಹೋಗುತ್ತಿದ್ದ. ಡ್ಯೂಟಿ ಇತ್ತು ಕಣೋ ಎಂದು ನಾನು ಎಷ್ಟು ಸಲ ಹೇಳಿದರೂ ಮುಖ ಆಚೆ ತಿರುಗಿಸುತ್ತಿದ್ದ. ದುಃಖದ ಸಿಟ್ಟು, ಒಂದಲ್ಲ ಒಂದು ದಿನ ಇಳಿಯುತ್ತದೆ ಎಂದು ಸುಮ್ಮನಾಗಿದ್ದೆ.

ಆ ದಿನದ ಬಗ್ಗೆಯೇ ಈಗ ಈ ಗುಮಾಸ್ತ ಹುಡುಗ ನನಗೆ ಹೇಳುತ್ತಿದ್ದ: ‘ಮೇಡಂ, ಅವತ್ತು ನೀವು ಡ್ಯೂಟಿಲಿ ಇರಲಿಲ್ಲ ಅಂತ ಒಂದು ಪತ್ರ ಬರೆದುಕೊಡಿ. ಆ ದಿನದ ಹಣ ವಾಪಸು ಕಟ್ಟಿ. ತೀರಾ ಚಿಕ್ಕ ಮೊತ್ತ. ಒಂದು ವಾರದಲ್ಲಿ ಕಾಗದ ಕಳಿಸ್ತೀನಿ.’

ಅವನು ಹೇಳಿದ್ದು ನಿಜ. ಆ ಹಣದಲ್ಲಿ ಈಗ ಮನೆಯವರೆಲ್ಲ ಹೋಟೆಲಿನಲ್ಲಿ ಒಂದು ಹೊತ್ತು ಉಣ್ಣಲೂ ಆಗುವುದಿಲ್ಲ. ಮನೆಗೆ ಬಂದಾಗ ನನ್ನ ಗಂಡನೂ ‘ಕಟ್ಟಿ ಬುಡು ಅತ್ಲಾಗೆ’ ಎಂದರು. ನಾನು ಹೇಳಿದೆ: ‘ರಜೆಯಿದ್ದಿದ್ದರೆ ಅವ್ವನ ಬಾಯಿಗೆ ನೀರು ಬಿಡ್ತಿದ್ದೆ. ರಜೆ ಕೊಡ್ಲಿಲ್ಲ. ಕೊಡದೇ ಇದ್ದ ರಜೇನ ಕೊಟ್ರು ಅಂತ ನನ್ನ ಕೈಯಲ್ಲೇ ಬರೆಸ್ತಾರಾ?’ ಆಮೇಲೆ ಅವರು ಆ ಮಾತು ಎತ್ತಲಿಲ್ಲ.

ನನ್ನನ್ನು ಇನ್ನೂ ಹೆಚ್ಚು ಉರಿಸಿದ್ದು ಬೇರೆ ಸಂಗತಿ. ಪೆನ್ಶನ್ ಎಷ್ಟೆಂದು ನಿಗದಿ ಮಾಡುವಾಗ ಈ ರಜಾ ಸಂಬಳವನ್ನು ಸೇರಿಸುವುದೇ ಇಲ್ಲ. ಕೊನೆಯ ಮೂಲ ವೇತನ ಮಾತ್ರ ನೋಡುತ್ತಾರೆ. ನನ್ನಂಥವರು ಬಿಟ್ಟುಕೊಟ್ಟ ಭಾನುವಾರಗಳಿಗೆಲ್ಲ ಅಲ್ಲಿ ಒಂದು ಪೈಸೆಯ ಬೆಲೆಯಿಲ್ಲ. ಆದರೆ ಪೆನ್ಶನನ್ನು ತಡೆಹಿಡಿಯಲು ಮಾತ್ರ ಒಂದೇ ಒಂದು ಭಾನುವಾರದ ರಜಾ ಸಂಬಳ ಸಾಕಾಗಿತ್ತು.

ಹಳೆಯ ಠಾಣೆಗೆ ಹೋದೆ. ಅಷ್ಟು ವರ್ಷದ ಹಿಂದಿನ ಠಾಣಾ ದಿನಚರಿ ಇಲ್ಲ, ನಾಶಪಡಿಸಿದ್ದೇವೆ ಎಂದರು. ಅಲ್ಲಿದ್ದವರಲ್ಲಿ ನನ್ನ ಗುರುತಿನವರು ಒಬ್ಬರೂ ಇರಲಿಲ್ಲ. ಆಗ ನೆನಪಾದವರು ಅಂದಿನ ರೈಟರು. ಠಾಣೆಯ ಬರವಣಿಗೆ ಕೆಲಸವೆಲ್ಲ ಅವರದೇ. ಯಾರಿಗೆ ರಜೆ, ಯಾರಿಗೆ ಡ್ಯೂಟಿ ಎಂದು ಬರೆಯುತ್ತಿದ್ದವರೂ ಅವರೇ. ನಿವೃತ್ತರಾಗಿ ಸೋಲೂರಿನ ಕಡೆ ಹಸು ಕಟ್ಟಿಕೊಂಡು, ತೆಂಗು ನೋಡಿಕೊಂಡು ಇದ್ದಾರೆಂದು ತಿಳಿಯಿತು. ಮಾಗಡಿಗೆ ಹೋಗಿ ಸೋಲೂರಿನ ಬಸ್ಸು ಹಿಡಿದೆ.

ಅವರು ಕೊಟ್ಟಿಗೆಯಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದರು. ನನ್ನನ್ನು ನೋಡಿ ಸಂತೋಷಪಟ್ಟರು, ಹೆಂಡತಿಗೆ ಕಾಫಿ ಇಡಲು ಹೇಳಿದರು. ನಾನು ತಾರೀಖು ಹೇಳಿದ ಕೂಡಲೇ ಅವರ ಮುಖ ಬದಲಾಯಿತು. ಕೈ ಒರೆಸಿಕೊಂಡು ಬಂದು ಜಗಲಿಯ ಮೇಲೆ ಕುಳಿತರು. ನನ್ನ ತಲೆಯಲ್ಲಿದ್ದುದು, ಇವರು ಅವಸರದಲ್ಲಿ ತಪ್ಪು ಬರೆದಿದ್ದಾರೆ, ಮರುದಿನದಿಂದ ನಾನು ಹಾಕಿದ್ದ ರಜೆಯನ್ನು ಒಂದು ದಿನ ಹಿಂದಿನಿಂದ ತೋರಿಸಿದ್ದಾರೆ ಎಂದು. ಹಾಗೇ ಕೇಳಿದೆ.

‘ತಪ್ಪಲ್ಲ ಕಣಮ್ಮ, ಬರುಸಿದ್ರು’ ಎಂದರು.

ಆಮೇಲೆ ನಿಧಾನವಾಗಿ ಎಲ್ಲವನ್ನೂ ಹೇಳಿದರು. ಅಂದು ಮಧ್ಯಾಹ್ನ ನನ್ನ ತಮ್ಮ ಠಾಣೆಗೆ ಮತ್ತೆರಡು ಸಲ ಫೋನು ಮಾಡಿದ್ದನಂತೆ. ಅಕ್ಕನನ್ನು ಇನ್ನೂ ಯಾಕೆ ಕಳಿಸಿಲ್ಲ, ಹೆಣ ಇಟ್ಟುಕೊಂಡು ಕಾಯುತ್ತಿದ್ದೇವೆ, ಮೇಲಿನ ಸಾಹೇಬರಿಗೆ ಬರೆಯುತ್ತೇನೆ ಎಂದು ಕೂಗಾಡಿದ್ದನಂತೆ. ಇನ್‌ಸ್ಪೆಕ್ಟರಿಗೆ ಹೆದರಿಕೆಯಾಗಿದೆ. ಬಂದೋಬಸ್ತಿಗೆ ಜನ ಕಡಿಮೆಯಿದ್ದರು, ನನ್ನನ್ನು ಬಿಟ್ಟರೆ ಆ ತಿರುವು ಖಾಲಿಯಾಗುತ್ತಿತ್ತು. ಅದಕ್ಕೆ ಅವರು ಒಂದು ದಾರಿ ಹುಡುಕಿದರು. ಅವಳು ಬೆಳಗ್ಗೆಯೇ ರಜೆಯ ಮೇಲೆ ಹೋದಳು ಎಂದು ತಮ್ಮನಿಗೆ ಹೇಳಿಸಿದರು. ಹಾಗೆಯೇ ಪುಸ್ತಕದಲ್ಲೂ ಬರೆಸಿದರು. ರಜಾ ಸಂಬಳದ ಬಿಲ್ಲು ಮಾತ್ರ ಬಂದೋಬಸ್ತ್ ಪಟ್ಟಿ ನೋಡಿ ತಯಾರಾಗುತ್ತಿತ್ತು. ಅದರಲ್ಲಿ ನನ್ನ ಹೆಸರು ಉಳಿದುಕೊಂಡಿತ್ತು. ಸುಳ್ಳು ಬರೆದವರು ಅದನ್ನೂ ತಿದ್ದಲು ಮರೆತಿದ್ದರು.

‘ನನ್ ತಮ್ಮಂಗೆ ಹಂಗಂದ್ರಾ?’ ಎಂದು ಕೇಳಿದೆ.

‘ಫೋನ್ ಎತ್ತಿ ಹೇಳಿದೋನು ನಾನೇ’ ಎಂದರು.

ಕಾಫಿ ಲೋಟವನ್ನು ಕೆಳಗಿಟ್ಟು ಎದ್ದು ನಿಂತೆ. ಬಾಯಿಗೆ ಬಂದದ್ದೆಲ್ಲ ಅಂದೆ. ನೀವೂ ಒಬ್ಬ ತಾಯಿಗೆ ಹುಟ್ಟಿದವರೇ ಅಲ್ಲವೇ ಎಂದೆ. ಅಷ್ಟು ವರ್ಷ ಒಂದೇ ಠಾಣೆಯಲ್ಲಿ ನನ್ನ ಮುಖ ನೋಡಿಕೊಂಡು ಹೇಗೆ ಕೆಲಸ ಮಾಡಿದಿರಿ ಎಂದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. ಇದನ್ನೆಲ್ಲ ಬರೆದು ಸಹಿ ಮಾಡಿಕೊಡಿ ಎಂದಾಗ ಮಾತ್ರ ತಲೆಯೆತ್ತಿ, ‘ಬರ್ದುಕೊಟ್ರೆ ನನ್ ಪೆನ್ಶನ್ನೇ ನಿಲ್ಲಿಸ್ಬಿಟ್ರೆ?’ ಎಂದು ಕೇಳಿದರು. ಆ ಭಯ ಏನೆಂದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಆದರೂ ನನಗೆ ಕರುಣೆ ಬರಲಿಲ್ಲ.

ಬಾಗಿಲ ಒಳಗೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ಅವರ ಹೆಂಡತಿ ಆಗ ಹೊರಗೆ ಬಂದು, ಕೈಯಲ್ಲಿದ್ದ ನೋಟ್‌ಬುಕ್ಕು, ಪೆನ್ನು ಅವರ ಮುಂದಿಟ್ಟರು. ‘ಪೆನ್ಶನ್ ನಿಂತ್ರೆ ನಿಂತ್ಕಳ್ಲಿ. ಹಾಲು ಹಾಕಿ ಬದುಕೋಣ. ಬರ್ದುಕೊಡಿ’ ಎಂದರು. ಅವರು ಎರಡು ಪುಟ ಬರೆದುಕೊಟ್ಟರು. ಇನ್ನೊಂದು ದಾರಿಯನ್ನೂ ಹೇಳಿದರು. ಅಂದಿನ ಮೆರವಣಿಗೆಯಲ್ಲಿ ಟ್ರ್ಯಾಕ್ಟರಿನ ಗಾಲಿಗೆ ಸಿಕ್ಕಿ ಒಬ್ಬರ ಕಾಲು ಮುರಿದಿತ್ತು. ಆ ಕೇಸಿನ ಕಡತಕ್ಕೆ ಬಂದೋಬಸ್ತ್ ಪಟ್ಟಿಯನ್ನು ಲಗತ್ತಿಸಿದ್ದರು. ಪರಿಹಾರದ ಜಗಳ ಬಹಳ ವರ್ಷ ಎಳೆದಿತ್ತು, ಹಾಗಾಗಿ ಆ ಕಡತ ಕೋರ್ಟಿನಲ್ಲಿ ಇನ್ನೂ ಇರಬಹುದು ಎಂದರು.

ಇತ್ತು. ನಕಲು ಸಿಗಲು ಒಂದೂವರೆ ತಿಂಗಳು ಹಿಡಿಯಿತು. ಪಟ್ಟಿಯ ಎರಡನೇ ಹಾಳೆಯಲ್ಲಿ ನನ್ನ ನಂಬರು, ನನ್ನ ಹೆಸರು, ಮಾರುಕಟ್ಟೆಯ ತಿರುವು, ಬೆಳಗ್ಗೆ ಏಳು ಗಂಟೆಗೆ ಬಂದ ಸಹಿ, ನಾಲ್ಕೂಕಾಲಿಗೆ ಹೊರಟ ಸಹಿ ಎಲ್ಲವೂ ಇದ್ದವು. ಆ ಹಾಳೆಯನ್ನು ಕಚೇರಿಗೆ ಕೊಡುವ ಮೊದಲು ದೊಡ್ಡಆಲಹಳ್ಳಿಗೆ ತೆಗೆದುಕೊಂಡು ಹೋದೆ.

ತಮ್ಮ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದ. ಬದುವಿನ ಮೇಲೆ ಕುಳಿತು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ. ರೈಟರು ಬರೆದುಕೊಟ್ಟಿದ್ದನ್ನೂ ಓದಿದ.

‘ಬೆಳಗ್ಗೇನೇ ಹೊಂಟೋದ್ರು ಅಂದ್ರು ಕಣಕ್ಕ. ಎಲ್ಲೋ ಸುತ್ಕಂಡು ಕೊನೇಗೆ ಬಂದವ್ಳೆ, ಜನ ಕೇಳ್ತಾರೆ ಅಂತ ಯೂನಿಫಾರಂ ಹಾಕ್ಕಂಡು ಬಂದವ್ಳೆ ಅನ್ಕಂಡೆ’ ಎಂದ. ಕಾಗದ ಮಡಿಸಿ ನನ್ನ ಕೈಗೆ ಕೊಡುತ್ತ, ‘ಒಂದು ದಿನಾನೂ ನಿನ್ನ ಕೇಳ್ಲಿಲ್ವಲ್ಲ ನಾನು’ ಎಂದ.

ಆಮೇಲೆ ಅವ್ವನನ್ನು ಮಣ್ಣು ಮಾಡಿದ ಜಾಗಕ್ಕೆ ಅವನು ನನ್ನನ್ನು ಕರೆದುಕೊಂಡು ಹೋದ. ಎಷ್ಟೋ ಸಲ ಒಬ್ಬಳೇ ಅಲ್ಲಿಗೆ ಹೋಗಿದ್ದೆ. ಅವನ ಜೊತೆ ಹೋದದ್ದು ಅದೇ ಮೊದಲು. ಇಬ್ಬರೂ ಅತ್ತೆವು. ಆದರೆ ಅವನ ಮನಸ್ಸು ತಿಳಿಯಾಯಿತೆಂದು ನನ್ನ ಸಿಟ್ಟು ಇಳಿಯಲಿಲ್ಲ, ಇನ್ನೂ ಏರಿತು. ಒಬ್ಬ ಅಧಿಕಾರಿ ತನ್ನ ಮೇಲೆ ಒಂದು ಅರ್ಜಿ ಹೋಗಬಾರದೆಂದು ಹೇಳಿದ ಸುಳ್ಳಿಗೆ, ಒಡಹುಟ್ಟಿದ ನಾವಿಬ್ಬರು ಅರ್ಧ ಆಯಸ್ಸು ಪರಕೀಯರಂತೆ ಕಳೆದೆವು. ಆ ಅಧಿಕಾರಿ ಬಡ್ತಿ ಪಡೆದು, ಹಾರ ಹಾಕಿಸಿಕೊಂಡು ನಿವೃತ್ತರಾದರು. ಅವರ ಬೀಳ್ಕೊಡುಗೆಗೆ ನಾನೂ ಚಂದಾ ಕೊಟ್ಟಿದ್ದೆ.

ನಕಲು ಮತ್ತು ಹೇಳಿಕೆ ಕೊಟ್ಟ ಮೇಲೆ ಕಚೇರಿಯವರು ಬೇರೆ ದಾರಿಯಿಲ್ಲದೆ ಸೇವಾ ಪುಸ್ತಕ ತಿದ್ದಿದರು. ‘ಗಳಿಕೆ ರಜೆ’ ಎಂಬುದನ್ನು ಕೆಂಪು ಶಾಯಿಯಲ್ಲಿ ಹೊಡೆದು ‘ಕರ್ತವ್ಯ’ ಎಂದು ಬರೆದರು. ಆಕ್ಷೇಪಣೆ ಬಿದ್ದುಹೋಯಿತು. ರೈಟರ ಪೆನ್ಶನಿಗೆ ಯಾರೂ ಕೈ ಹಾಕಲಿಲ್ಲ. ನಿವೃತ್ತಿಯಾದ ಹತ್ತನೇ ತಿಂಗಳಿಗೆ ನನ್ನ ಪೆನ್ಶನ್ ಆದೇಶ ಬಂತು.

ಆದೇಶ ಓದಿ ಮತ್ತೆ ಕಚೇರಿಗೆ ಹೋದೆ. ಈ ಸಲ ಆ ಹುಡುಗನ ಮೇಲಿನ ಅಧಿಕಾರಿಯನ್ನೇ ಕಂಡೆ. ಅಷ್ಟು ವರ್ಷ ರಜೆಯಿಲ್ಲದೆ ದುಡಿದದ್ದು ಈ ಆದೇಶದಲ್ಲಿ ಎಲ್ಲಿದೆ ಎಂದು ಕೇಳಿದೆ. ಅವರು ತಾಳ್ಮೆಯಿಂದ ವಿವರಿಸಿದರು. ರಜಾ ಸಂಬಳ ಎಂದು ನಾವು ಕರೆಯುತ್ತೇವೆಯೇ ಹೊರತು ಅದು ವೇತನವಲ್ಲ, ಭತ್ಯೆ. ಪೆನ್ಶನಿಗೆ ಭತ್ಯೆ ಸೇರುವುದಿಲ್ಲ.

‘ಅದು ವೇತನ ಅಲ್ಲ ಅಂದ್ಮೇಲೆ, ಅದಕ್ಕೋಸ್ಕರ ನನ್ನ ಪೆನ್ಶನ್ ಹತ್ತು ತಿಂಗಳು ಯಾಕೆ ಹಿಡಿದಿಟ್ರಿ?’ ಎಂದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಿಯಮ ಹಾಗಿದೆ ಎಂದರು. ನಾನು ಅಲ್ಲಿಯೇ ಕುಳಿತು ಒಂದು ಅರ್ಜಿ ಬರೆದೆ. ರದ್ದಾದ ರಜೆಗಳಲ್ಲಿ ದುಡಿದ ಸೇವೆಯನ್ನು ಪೆನ್ಶನಿನಲ್ಲಿ ಪರಿಗಣಿಸಬೇಕೆಂದು ಕೇಳಿದೆ, ನನಗೊಬ್ಬಳಿಗಲ್ಲ, ಎಲ್ಲ ಪೇದೆಗಳಿಗೂ. ಮೂರು ವಾರಕ್ಕೆ ಉತ್ತರ ಬಂತು. ‘ಅವಕಾಶವಿರುವುದಿಲ್ಲ’ ಎಂದು ಒಂದೇ ಸಾಲು. ಅದರ ಮೇಲಿನವರಿಗೆ ಬರೆದೆ. ಅವರು ನನ್ನ ಅರ್ಜಿಯನ್ನು ಅದೇ ಕಚೇರಿಗೆ ಕಳಿಸಿದರು. ಮತ್ತೆ ಅದೇ ಸಾಲು ಬಂತು. ಮೂರನೆಯದನ್ನು ಬರೆದು ಕಳಿಸಿದ್ದೇನೆ.

ಈಗ ಚನ್ನಪಟ್ಟಣದ ನನ್ನ ಮನೆಗೆ ಆಗೀಗ ಕೆಲಸದಲ್ಲಿರುವ ಹೆಣ್ಣುಮಕ್ಕಳು ಬರುತ್ತಾರೆ. ಕೆಲವರು ಡ್ಯೂಟಿ ಮುಗಿಸಿ ಯೂನಿಫಾರಮ್ಮಿನಲ್ಲೇ ಬರುತ್ತಾರೆ. ರಜೆ ರದ್ದಾದಾಗಲೆಲ್ಲ ಬಂದೋಬಸ್ತ್ ಪಟ್ಟಿಯ ಫೋಟೋ ತೆಗೆದಿಟ್ಟುಕೊಳ್ಳಿ, ಬಂದ ಹೊತ್ತು ಹೋದ ಹೊತ್ತು ಇರಲಿ, ಮನೆಯವರಿಗೂ ಆಗಲೇ ಕಳಿಸಿಬಿಡಿ ಎಂದು ಹೇಳುತ್ತೇನೆ. ಅವರು ತಲೆಯಾಡಿಸುತ್ತಾರೆ. ಇಡೀ ಆಯಸ್ಸು ಕಾನೂನಿನ ಬಟ್ಟೆ ಹಾಕಿಕೊಂಡು ದುಡಿದವಳು ಕಿರಿಯರಿಗೆ ಹೇಳಿಕೊಡಬಹುದಾದದ್ದು ಇಷ್ಟೇ, ನಿಮ್ಮ ಇಲಾಖೆಯನ್ನೇ ನಂಬಬೇಡಿ ಎಂಬುದು. ಪ್ರತಿ ಸಲ ಹೇಳುವಾಗಲೂ ನನಗೆ ಮೈ ಉರಿಯುತ್ತದೆ.