ಒಂದು ಬೆಣೆ ಹೆಚ್ಚು

ನಮ್ಮ ಸಿಪ್ಪಾರ್ ಪಟ್ಟಣದ ಕಾಲುವೆ ಬಾಗಿಲಲ್ಲಿ, ಖರ್ಜೂರದ ಮರದ ಕೆಳಗೆ ಚಾಪೆ ಹಾಸಿಕೊಂಡು ಊರವರ ಪತ್ರ ಬರೆದುಕೊಡುತ್ತಿದ್ದವಳು ಹುಜಾಲತು. ಹೆಸರಿನ ಅರ್ಥ ಜಿಂಕೆಮರಿ. ಐವತ್ತು ದಾಟಿದ ಮೇಲೆ ಆ ಜಿಂಕೆಮರಿ ಚಾಪೆಯಿಂದ ಏಳಬೇಕಾದರೆ ಇಬ್ಬರು ಹಿಡಿದೆತ್ತಬೇಕಿತ್ತು. ನಾಲಿಗೆಯೊಂದು ಮಾತ್ರ ಕೊನೆಯವರೆಗೂ ಹೆಸರಿಗೆ ತಕ್ಕ ಹಾಗೆ ಓಡುತ್ತಿತ್ತು.

ಅವಳಪ್ಪ ಶಮಶ್ ದೇವರ ಗುಡಿಯಲ್ಲಿ ಬರಹಗಾರ. ಗಂಡುಮಕ್ಕಳಿಲ್ಲ, ಕಲಿತದ್ದನ್ನು ಯಾರ ತಲೆಗಾದರೂ ತುಂಬದಿದ್ದರೆ ಅವನಿಗೆ ಉಂಡದ್ದು ಅರಗುವುದಿಲ್ಲ. ಹಾಗಾಗಿ ಮಗಳನ್ನೇ ಎದುರಿಗೆ ಕೂರಿಸಿಕೊಂಡ. ನೂರಾರು ಅಕ್ಷರ, ಒಂದೊಂದಕ್ಕೂ ಮೂರು ನಾಲ್ಕು ಉಚ್ಚಾರ. ನಮ್ಮ ಅಕ್ಷರವೆಂದರೆ ಹಸಿಮಣ್ಣಿನ ಬಿಲ್ಲೆಯ ಮೇಲೆ ಜೊಂಡಿನ ಕಡ್ಡಿಯಿಂದ ಒತ್ತಿದ ಬೆಣೆಯಂಥ ಗುರುತುಗಳ ಗುಂಪು; ಒಂದು ಬೆಣೆ ಕೂದಲೆಳೆ ವಾರೆಯಾದರೂ ಗೆಣ್ಣಿಗೆ ಪೆಟ್ಟು. ಹದಿನಾರಕ್ಕೆ ಮದುವೆಯಾಯಿತು, ಇಪ್ಪತ್ತೈದಕ್ಕೆ ಗಂಡ ಜ್ವರದಲ್ಲಿ ತೀರಿಕೊಂಡ, ಮಕ್ಕಳಾಗಲಿಲ್ಲ. ತವರಿಗೆ ಬಂದವಳು ಅಳುತ್ತ ಕೂರಲಿಲ್ಲ, ಅಪ್ಪನ ಜೊಂಡಿನ ಕಡ್ಡಿ ಹಿಡಿದು ಕಾಲುವೆ ಬಾಗಿಲಿಗೆ ಬಂದಳು. ಹೆಂಗಸು ಒತ್ತಿದ ಅಕ್ಷರ ಊರ ಗಡಿ ದಾಟುವುದರೊಳಗೆ ಮಾಸಿಹೋಗುತ್ತದೆ ಎಂದು ಪಕ್ಕದ ಚಾಪೆಯ ಬರಹಗಾರ ಅವಿಲಿಯ ನಕ್ಕ. ಅವನ ಅಕ್ಷರ ಊರೊಳಗೇ ಯಾರಿಗೂ ಅರ್ಥವಾಗುವುದಿಲ್ಲವಲ್ಲ, ಅದಕ್ಕೇನು ಹೇಳುತ್ತಾನೆ ಎಂದು ಇವಳು ಕೇಳಿದಳು. ಆವತ್ತಿನಿಂದ ಮೂವತ್ತು ವರ್ಷ ಅವರಿಬ್ಬರೂ ಅಕ್ಕಪಕ್ಕ ಕೂತು ಜಗಳವಾಡಿದರು.

ನಮ್ಮ ಪತ್ರಗಳೆಲ್ಲ ಶುರುವಾಗುವುದು ಒಂದೇ ರೀತಿ: ಇಂಥವರಿಗೆ ಹೇಳು, ಇಂಥವನು ಹೀಗೆನ್ನುತ್ತಾನೆ. ಆ 'ಹೇಳು' ಎನ್ನುವ ಮಾತು ಓದುವವರಿಗೆ ಕೊಟ್ಟ ಅಪ್ಪಣೆ. ಅವಿಲಿಯನಿಗೆ ಅದೆಲ್ಲ ಲೆಕ್ಕವೇ ಇಲ್ಲ. ಕೇಳುವವರ ಮುಖ ನೋಡಿ ಒಂದಿಷ್ಟು ಸಿಹಿ ಸೇರಿಸುತ್ತಿದ್ದ, ಬೇಕೆಂದರೆ ಕಣ್ಣೀರನ್ನೂ. ಹುಜಾಲತು ಮಾತ್ರ ಒಂದು ಅಕ್ಷರ ಸೇರಿಸಿದವಳಲ್ಲ, ಬಿಟ್ಟವಳೂ ಅಲ್ಲ. "ಹೇಳು ಅಂದಿದಾರೆ, ಸೇರಿಸು ಅಂದಿಲ್ಲ," ಎನ್ನುತ್ತಿದ್ದಳು. ಗಂಡ ಬೇರೆ ಊರಲ್ಲಿ ಇನ್ನೊಬ್ಬಳನ್ನು ಕಟ್ಟಿಕೊಂಡ ಸುದ್ದಿಯನ್ನೂ ಹೀಗೆಯೇ ಓದಿ ಹೇಳಿ, ಆಮೇಲೆ ಆ ಹೆಂಗಸಿನ ಬೆನ್ನು ಸವರುತ್ತ ಅರ್ಧ ದಿನ ಕೂತಿರುತ್ತಿದ್ದಳು.

ಬಾಗಿಲ ಎದುರಿಗೇ ಬೆಲ್ತಾನಿಯ ಬಿಯರ್ ಅಂಗಡಿ. ಬೆಲ್ತಾನಿ ಗಂಡ ಸತ್ತವಳು, ಕಟ್ಟಾ ದುಡಿಮೆಗಾರ್ತಿ. ಅವಳ ಒಬ್ಬಳೇ ಮಗಳು ರಿಬತು ತಾಯಿಯ ಗಡಿಗೆಗಳ ಮಧ್ಯೆ ಇದ್ದದ್ದಕ್ಕಿಂತ ಹುಜಾಲತುವಿನ ಚಾಪೆಯ ಮೇಲೆ ಬೆಳೆದದ್ದೇ ಹೆಚ್ಚು. ದೊಡ್ಡಮ್ಮ ದೊಡ್ಡಮ್ಮ ಎಂದು ಪೀಡಿಸಿ ತನ್ನ ಹೆಸರನ್ನೂ ಹತ್ತಾರು ಮಾತುಗಳನ್ನೂ ಬರೆಯಲು ಕಲಿತಳು. ಆದರೆ 'ರಿ' ಬರೆಯುವಾಗ ಕೊನೆಗೊಂದು ಬೆಣೆ ಹೆಚ್ಚಿಗೆ ಒತ್ತದೆ ಅವಳ ಕೈ ನಿಲ್ಲುತ್ತಿರಲಿಲ್ಲ. ಬೈದದ್ದಾಯಿತು, ಗೆಣ್ಣಿಗೆ ಕೊಟ್ಟದ್ದೂ ಆಯಿತು.

"ನಿನ್ನ ಅಕ್ಷರಕ್ಕೆ ಬಾಲ ಬೇರೆ ಕೇಡು," ಎಂದರೆ, "ಇರ್ಲಿ ಬಿಡು ದೊಡ್ಡಮ್ಮ, ಚೆನ್ನಾಗ್ ಕಾಣುತ್ತೆ," ಎನ್ನುತ್ತಿದ್ದಳು.

ಅವಳು ಮದುವೆಯಾಗಿ, ನದಿಯ ಮೇಲಕ್ಕೆ ಎಷ್ಟೋ ದಿನದ ದಾರಿಯ ತೆರ್ಕ ಪಟ್ಟಣಕ್ಕೆ ಹೋದ ದಿನ ಹುಜಾಲತು ಯಾರ ಹತ್ತಿರವೂ ಜಗಳವಾಡಲಿಲ್ಲ. ಅವಿಲಿಯನಿಗೆ ಗಾಬರಿಯಾಗಿ ಮೈ ಸರಿಯಿಲ್ಲವೇ ಎಂದು ವಿಚಾರಿಸಿದ.

ಬಸುರಿಯಾದ ಸುದ್ದಿ ಬಂತು. ತಿಂಗಳು ತುಂಬುವ ಹೊತ್ತಿಗೆ ತಾಯಿ ದಿನಾ ಕಾಲುವೆಯ ದೋಣಿಗಳನ್ನೇ ನೋಡುತ್ತಿದ್ದಳು. ಪತ್ರ ಬಂದ ಬೆಳಿಗ್ಗೆ ಹುಜಾಲತು ಮಣ್ಣು ತರಲು ಕಾಲುವೆಯ ಆಚೆ ದಡಕ್ಕೆ ಹೋಗಿದ್ದಳು. ಮಣ್ಣಿನ ವಿಷಯದಲ್ಲಿ ಅವಳಿಗೆ ಯಾರ ಮೇಲೂ ನಂಬಿಕೆಯಿಲ್ಲ. ಅವಳು ವಾಪಸು ಬರುವಾಗ ಬಿಯರ್ ಅಂಗಡಿಯ ಮುಂದೆ ಜನ ಸೇರಿತ್ತು. ಬೆಲ್ತಾನಿ ಉಟ್ಟದ್ದನ್ನು ಹರಿದುಕೊಂಡು ನೆಲದ ಮೇಲೆ ಕೂತು ತಲೆಗೆ ಮಣ್ಣು ಹೊಯ್ದುಕೊಳ್ಳುತ್ತಿದ್ದಳು.

ಆದದ್ದನ್ನು ಅಕ್ಕಪಕ್ಕದವರು ಹೇಳಿದರು. ಬೆಲ್ತಾನಿ ಆತುರಕ್ಕೆ ಪತ್ರದ ಮಣ್ಣಿನ ಹೊದಿಕೆಯನ್ನು ಒನಕೆಯಿಂದ ಒಡೆದಿದ್ದಳು. ಬೆಣಚುಕಲ್ಲಿನಿಂದ ಮೆಲ್ಲಗೆ ತಟ್ಟುವ ಕೆಲಸ ಅದು. ಹೊದಿಕೆಯ ಜೊತೆ ಒಳಗಿನ ಪತ್ರದ ಒಂದು ಮೂಲೆಯೂ ಪುಡಿಯಾಗಿತ್ತು. ಉಳಿದದ್ದನ್ನು ಅವಿಲಿಯ ಓದಿದ. ಬೆಲ್ತಾನಿಗೆ ಹೇಳು, ನಿನ್ನ ಅಳಿಯ ಇಲಿ-ಇದ್ದಿನ ಹೀಗೆನ್ನುತ್ತಾನೆ: ರಿಬತುಗೆ ದಿನ ತುಂಬಿತು. ಅಲ್ಲಿಂದ ಒಂದು ಸಾಲು ಒಡೆದುಹೋಗಿದೆ. ಆಮೇಲೆ, ಮಾರ್ತು ಇಲ್ಲ, ನನ್ನ ಎದೆ ಉರಿಯಿತು.

ಮಾರ್ತು ಎಂದರೆ ಮಗಳು. ಅಷ್ಟು ಕೇಳಿದ್ದೇ ತಡ, ತಾಯಿ ಅದನ್ನು ಕಸಿದುಕೊಂಡು ಎದೆ ಬಡಿದುಕೊಂಡಳು. ಪತ್ರ ಕೈಜಾರಿ ಗಡಿಗೆಯ ಹಸಿ ಗಸಿಯ ಮೇಲೆ ಅಂಗಾತ ಬಿತ್ತು. ಹಿಂಬದಿಯನ್ನು ಯಾರೂ ನೋಡಲೇ ಇಲ್ಲ.

ಹುಜಾಲತು ಮಣ್ಣಿನ ಬುಟ್ಟಿ ಇಳಿಸಿ, ಗಸಿ ಒರೆಸಿ, ಬೆಳಕಿಗೆ ಹಿಡಿದು ಓದಿದಳು. ಅವಿಲಿಯ ಓದಿದ ಅಕ್ಷರಗಳೇ ಇದ್ದವು. ಆದರೆ ನಮ್ಮ ಬರಹದಲ್ಲಿ ದೀರ್ಘಕ್ಕೆ ಗುರುತು ಹಾಕುವ ಪದ್ಧತಿಯಿಲ್ಲ. ಎಳೆದು ಓದಿದರೆ ಮಾರ್ತು, ಮಗಳು. ಎಳೆಯದಿದ್ದರೆ ಮರ್ತು, ಪಿತ್ತಕೋಶ. ಹೆರಿಗೆಗೆ ಮುಂಚೆ ಕುರಿ ಕುಯ್ದು ಶಕುನ ನೋಡಿಸದ ಗಂಡ ಯಾರಿದ್ದಾನೆ? ಕುರಿಯಲ್ಲಿ ಪಿತ್ತಕೋಶ ಕಾಣದಿದ್ದರೆ ಯಾರ ಎದೆಯಾದರೂ ಉರಿಯುತ್ತದೆ. ಒಡೆದುಹೋದ ಸಾಲಿನಲ್ಲಿ ಕುರಿ ಇತ್ತೇ, ಇರಲಿಲ್ಲವೇ, ಅದು ಆ ಶಮಶ್ ದೇವರಿಗೇ ಗೊತ್ತು. ಹಿಂಬದಿಯಲ್ಲಿ ಅಕ್ಷರವೆಲ್ಲ ಗಸಿಯಲ್ಲಿ ಕರಗಿ ಕೆಸರಾಗಿತ್ತು.

ಎರಡೂ ಓದನ್ನು ಅವಳು ಇದ್ದಂತೆ ಹೇಳಿದಳು. ಬೆಲ್ತಾನಿ ಅವಳ ಕಾಲು ಹಿಡಿದುಕೊಂಡಳು.

"ಅಕ್ಕಾ, ಪಿತ್ತ ಅಂತಲೇ ಅನ್ನು. ನೀನಂದ್ರೆ ನಾನ್ ನಂಬ್ತೀನಿ."

ಹುಜಾಲತುವಿಗೂ ತನ್ನ ಚಾಪೆಯ ಮೇಲೆ ಬೆಳೆದ ಮಗು ಅದು. ಒಂದು ಸುಳ್ಳು ಹೇಳಿದರೆ ಈ ಅಳು ನಿಲ್ಲುತ್ತದೆ, ಮೊದಲು ತನ್ನದೇ ನಿಲ್ಲುತ್ತದೆ. ಅವಿಲಿಯ ಕೂಡ ಅನ್ನು ಎಂದು ಕಣ್ಣಲ್ಲೇ ಬೇಡಿದ. ಅವಳು ತಲೆ ಅಡ್ಡಡ್ಡ ಆಡಿಸಿದಳು. "ಬರೆದಿರೋದಷ್ಟೇ ಹೇಳ್ತೀನಿ ಬೆಲ್ತಾನಿ. ನನ್ ಕೈಲಿ ಬೇರೆ ಆಗಲ್ಲ," ಎಂದು, ಬೇರೇನೂ ತೋಚದೆ ಪತ್ರವನ್ನು ಕೈಯಲ್ಲಿ ತಿರುಗಿಸುತ್ತ ಕೂತಳು.

ಆಗ ಹೆಬ್ಬೆರಳಿಗೆ ಎಡ ಅಂಚಿನಲ್ಲಿ ಏನೋ ತಗುಲಿತು. ಜಾಗ ಸಾಲದಿದ್ದರೆ ಕೊನೆಯ ಮಾತನ್ನು ತುರುಕುವುದು ಅಲ್ಲೇ. ಮೆತ್ತಿದ್ದ ಗಸಿಯನ್ನು ಉಗುರಿನಿಂದ ಕೆರೆದಳು. ಕೋಳಿ ಕೆದಕಿದಂಥ ಸೊಟ್ಟ ಅಕ್ಷರ, ಅಳಿಯನ ಬರಹಗಾರನದಂತೂ ಅಲ್ಲ. ಮೊದಲ ಅಕ್ಷರ 'ರಿ'. ಅದರ ಕೊನೆಗೆ ಒಂದು ಬೆಣೆ ಹೆಚ್ಚು.

ಹುಜಾಲತು ಓದುವುದನ್ನು ಬಿಟ್ಟು ಗೊಳೋ ಎಂದು ಅತ್ತಳು. ಅವಳು ಅತ್ತದ್ದನ್ನು ನೋಡಿ, ಮುಗಿಯಿತು ಎಂದು ಬೆಲ್ತಾನಿ ಕುಸಿದಳು.

"ಅಯ್ಯೋ ಏಳೇ. ಮಣ್ಣು ಒಣಗಿದ್ಮೇಲೆ ಯಾರಾದ್ರೂ ಅಕ್ಷರ ಒತ್ತೋಕಾಗುತ್ತಾ? ನಿನ್ನ ಅಳಿಯ ಇದನ್ನ ಬರೆಸ್ದಾಗ, ಮಣ್ಣು ಹಸಿ ಇರೋವಾಗ್ಲೇ, ನಿನ್ ಮಗಳು ಪಕ್ಕದಲ್ಲಿ ಕೂತು ಕಡ್ಡಿ ಹಿಡ್ದಿದಾಳೆ. ನನ್ನ ಮಾತು ಕೇಳ್ದೇ ಇರೋ 'ರಿ' ಇದು, ಪ್ರಪಂಚದಲ್ಲಿ ಇನ್ನೊಂದಿಲ್ಲ."

ಅಂಚಿನ ಉಳಿದ ಮಾತನ್ನು ಮೂಗು ಒರೆಸಿಕೊಂಡು ಓದಿದಳು. ರಿಬತು ಚೆನ್ನಾಗಿದ್ದಾಳೆ. ಮಾರ್ತು ಹುಟ್ಟಿತು.

"ನೀನ್ ಮಗಳು ಅಂದಿದ್ದು ಪಿತ್ತ. ಇನ್ನು ಇದನ್ನ ಪಿತ್ತ ಅಂತ ಓದ್ತೀಯೇನಪ್ಪ?" ಎಂದು ಅವಿಲಿಯನನ್ನು ಕೇಳಿದಳು. ಅವನು ಗಡಿಗೆಯ ಕಡೆ ಮುಖ ತಿರುಗಿಸಿದ. ಅಳಲು ಬಂದು ನೆರೆದವರೆಲ್ಲ ಗಡಿಗೆಗೆ ಜೊಂಡಿನ ಕೊಳವೆ ಹಾಕಿಕೊಂಡು ಬಿಯರ್ ಹೀರಲು ಕೂತರು.

ಮಧ್ಯಾಹ್ನ ಬೆಲ್ತಾನಿ ಉತ್ತರ ಬರೆಸಿದಳು. ಅಳಿಯನಿಗೆ ಬೈಗುಳ, ಬಾಣಂತಿಗೆ ಪಥ್ಯ, ಮೊಮ್ಮಗಳಿಗೆ ಹರಕೆ, ಮತ್ತೆ ಅಳಿಯನಿಗೆ ಬೈಗುಳ. ಹುಜಾಲತು ಎಲ್ಲವನ್ನೂ ಒಂದಕ್ಷರ ಬಿಡದೆ ಒತ್ತಿದಳು. ಮಣ್ಣು ಇನ್ನೂ ಹಸಿಯಾಗಿತ್ತು. ಯಾರೂ ಹೇಳದ ಮಾತನ್ನು ಒಂದು ದಿನವೂ ಸೇರಿಸದವಳು ಅವತ್ತು ಪತ್ರವನ್ನು ಎಡ ಅಂಚಿಗೆ ಹೊರಳಿಸಿ ತನ್ನದೇ ಒಂದು ಸಾಲು ಬರೆದಳು:

ರಿಬತುಗೆ ಹೇಳು, ದೊಡ್ಡಮ್ಮ ಹೀಗೆನ್ನುತ್ತಾಳೆ: ನಿನ್ನ 'ರಿ'ಗೆ ಈಗಲೂ ಒಂದು ಬೆಣೆ ಹೆಚ್ಚು. ತಿದ್ದಿಕೊಳ್ಳಬೇಡ ಮಗಳೇ.