ತಾಳ ಮೀರಿ ಓಡುತ್ತಿದ್ದ ಅಣ್ಣ

ಕಟ್ಟಿಸಿಕೊಳ್ಳುವ ಹಲ್ಲಿನ ಸೆಟ್ಟು ಮಾಡುವುದು ಅವಳ ಕಸುಬು. ದಂತವೈದ್ಯರು ಕಳಿಸಿದ ಅಚ್ಚಿನ ಮೇಲೆ ಮೇಣ ಕೂರಿಸಿ, ಒಂದೊಂದೇ ಹಲ್ಲು ನಿಲ್ಲಿಸಿ, ಉಜ್ಜಿ ನುಣುಪು ಮಾಡಿ ಕೊಡಬೇಕು. ಹಾಗಾಗಿ ಹಳೆಯ ರಾಕ್ ಬ್ಯಾಂಡೊಂದರ ಅಭಿಮಾನಿಗಳ ಗುಂಪಿನಲ್ಲಿ ಅವಳು ಎಲ್ಲರಿಗೂ ಹಲ್ಲಕ್ಕ. ಆ ಬ್ಯಾಂಡಿನ ಡ್ರಮ್ಮರ್ ಅವಳ ಸ್ವಂತ ಅಣ್ಣ ಎಂಬುದು ಮಾತ್ರ ಗುಂಪಿನ ಹಿರಿಯ ಟೇಪ್ ಮಾಮ ಒಬ್ಬನಿಗೇ ಗೊತ್ತಿತ್ತು.

ಅಣ್ಣ ಚಿಕ್ಕಂದಿನಿಂದಲೂ ಕೈಗೆ ಸಿಕ್ಕಿದ್ದನ್ನೆಲ್ಲ ಬಾರಿಸುವವನು. ಡಬ್ಬ, ಬಕೆಟ್ಟು, ತಂಗಿಯ ಬೆನ್ನು, ಯಾವುದನ್ನೂ ಬಿಟ್ಟವನಲ್ಲ. ಖುಷಿ ನೆತ್ತಿಗೇರಿತೆಂದರೆ ತಾಳ ಅವನ ಕೈ ಮೀರಿ ಓಡುತ್ತಿತ್ತು. "ಯಾಕೋ ಹಂಗೆ ಓಡ್ತೀಯಾ, ಹಿಂದೆ ನಾಯಿ ಬಿದ್ದಿದೆಯಾ?" ಎಂದು ಅಮ್ಮ ಅಡುಗೆಮನೆಯಿಂದಲೇ ಗದರುತ್ತಿದ್ದಳು. ಬ್ಯಾಂಡ್ ಸೇರಿದ ಮೇಲೂ ಆ ಚಾಳಿ ಹೋಗಲಿಲ್ಲ. ಕೊನೆಯ ಹಾಡಿಗೆ ಬರುವಷ್ಟರಲ್ಲಿ ಹಾಡುಗಾರ ಏದುಸಿರು ಬಿಡುತ್ತ ಅವನ ಹಿಂದೆ ಬೀಳಬೇಕಾಗುತ್ತಿತ್ತು.

ಅವರ ಅತಿ ದೊಡ್ಡ ಕಾರ್ಯಕ್ರಮ ಮುಗಿದು ಎಲ್ಲರೂ ಹಿಂತಿರುಗುವಾಗ ವಾದ್ಯಗಳ ವ್ಯಾನು ಮಗುಚಿತು. ಉಳಿದವರು ಗಾಯಗಳೊಂದಿಗೆ ಮನೆ ಸೇರಿದರು. ಅಣ್ಣ ಸೇರಲಿಲ್ಲ. ಪರೀಕ್ಷೆ ಇದೆಯೆಂದು ತಂಗಿಯನ್ನು ಆ ಕಾರ್ಯಕ್ರಮಕ್ಕೆ ಕಳಿಸಿರಲಿಲ್ಲ.

ಅವಳ ತಲೆ ನರೆತ ಮೇಲೆ ಆ ದಿನದ ಫಿಲ್ಮು ಸಿಕ್ಕಿತು. ಯಾರೋ ಅಭಿಮಾನಿ ಮೇಲಿನ ಸಾಲಿನಿಂದ ಸಣ್ಣ ಕ್ಯಾಮೆರಾದಲ್ಲಿ ಹಿಡಿದದ್ದು, ಚಿತ್ರವಿತ್ತು, ಶಬ್ದವಿರಲಿಲ್ಲ. ಶಬ್ದ ಟೇಪ್ ಮಾಮನ ಹತ್ತಿರವಿತ್ತು. ರೇಡಿಯೊ ರಿಪೇರಿ ಮಾಡುತ್ತಿದ್ದ ಅವನು ಪ್ರಾಯದಲ್ಲಿ ಆ ಜನಜಂಗುಳಿಯ ನಡುವೆ ನಿಂತು, ಕೋಟಿನೊಳಗೆ ರೆಕಾರ್ಡರ್ ಬಚ್ಚಿಟ್ಟು ಕ್ಯಾಸೆಟ್ಟಿಗೆ ತುಂಬಿಕೊಂಡಿದ್ದ.

"ಚಿತ್ರ ನೀನು ನೋಡ್ಕೋ, ಶಬ್ದ ನಾನು ನೋಡ್ಕೋತೀನಿ. ನಿಮ್ಮಣ್ಣನ್ನ ಎಬ್ಬಿಸಿ ಕೂರಿಸೋಣ ಕಣಮ್ಮ," ಎಂದ ಮಾಮ.

ಹಲ್ಲಿನ ಕೆಲಸ ಮುಗಿಸಿ ಅವಳು ಕಂಪ್ಯೂಟರಿನ ಮುಂದೆ ಕೂರುತ್ತಿದ್ದಳು. ಗೀರು ಅಳಿಸಿದಳು, ಧೂಳಿನ ಚುಕ್ಕೆ ಹೆಕ್ಕಿದಳು, ಕುಣಿಯುತ್ತಿದ್ದ ಚಿತ್ರವನ್ನು ನಿಲ್ಲಿಸಿದಳು. ಕ್ಯಾಮೆರಾದವನಿಗೆ ಹಾಡುಗಾರನ ಮೇಲೇ ಕಣ್ಣು. ಅಣ್ಣ ಸಿಕ್ಕಿದ್ದು ಹಿಂದೆ, ಮಬ್ಬಿನಲ್ಲಿ, ಹೆಚ್ಚಾಗಿ ಒಂದು ಬಲಗೈ ಮಾತ್ರ. ಆ ಕೈ ಏಳುವುದನ್ನೂ ಬೀಳುವುದನ್ನೂ ಅವಳು ಎಷ್ಟು ಸಲ ನೋಡಿದಳೆಂದರೆ, ಕೊನೆಕೊನೆಗೆ ಅದು ಎಲ್ಲಿ ತಿರುಗುತ್ತದೆಂದು ಕಣ್ಣು ಮುಚ್ಚಿಯೂ ಹೇಳಬಲ್ಲವಳಾದಳು.

ಚಿತ್ರವನ್ನು ಮಾಮನಿಗೆ ಕಳಿಸಿದಳು. ಶಬ್ದ ಜೋಡಿಸಿ ಮೊದಲು ತನಗೇ ತೋರಿಸುತ್ತಾನೆಂದು ಕಾದಳು. ಮಾಮನಿಗೆ ಹುರುಪು ತಡೆಯಲಾಗಲಿಲ್ಲ. ನೇರವಾಗಿ ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿಬಿಟ್ಟು, ಆಮೇಲೆ ಫೋನು ಮಾಡಿದ. "ಅಮ್ಮನ್ನೂ ಕೂರಿಸ್ಕೊಂಡು ನೋಡು!"

ಅಮ್ಮನಿಗೆ ಕಣ್ಣು ಅಷ್ಟಕ್ಕಷ್ಟೇ, ಕಿವಿ ಮಾತ್ರ ಚುರುಕು. ಮೊದಲ ಹಾಡುಗಳಿಗೆಲ್ಲ ಮಂಚದ ಅಂಚಿನಲ್ಲಿ ಕೂತು ತಲೆದೂಗಿದಳು. ಕೊನೆಯ ಹಾಡು ಬಂತು. ತಲೆದೂಗುವುದು ನಿಂತಿತು.

"ಇದ್ಯಾರೇ ಬಾರಿಸ್ತಿರೋದು?"

"ಅಣ್ಣ ಅಲ್ವೇನಮ್ಮ."

"ಅವನ ಕೈಯಲ್ಲ ಇದು."

ಅಷ್ಟರಲ್ಲಿ ಮಗಳಿಗೂ ಕಂಡಿತ್ತು. ಅಣ್ಣನ ಕೈ ಮೇಲೆದ್ದು, ಗಾಳಿಯಲ್ಲಿ ಅರೆಕ್ಷಣ ತಡೆದು, ಆಮೇಲೆ ಇಳಿಯುತ್ತಿತ್ತು. ಆ ಕೈ ಯಾವತ್ತೂ ಹಾಗೆ ಕಾದದ್ದಲ್ಲ.

ಫೋನು ಮಾಡಿ ಕೇಳಿದಳು. ಮಾಮ ಮುಚ್ಚಿಡಲಿಲ್ಲ. "ಕೊನೇ ಹಾಡಲ್ಲಿ ತಾಳ ತಪ್ಪಿ ಓಡಿದಾನಲ್ಲಮ್ಮ. ಜನ ಆಡ್ಕೋಬಾರ್ದು ಅಂತ ಒಂದೊಂದೇ ಪೆಟ್ಟು ಹಿಡಿದು ಸರಿಯಾಗಿ ಕೂರಿಸ್ದೆ. ಅದಕ್ಕೆ ತಕ್ಕ ಹಾಗೆ ಚಿತ್ರಾನೂ ಅಲ್ಲಲ್ಲಿ ಎಳೆದಿದೀನಿ. ಗೊತ್ತೇ ಆಗಲ್ಲ."

"ತೆಗೆದುಬಿಡಿ ಮಾಮ."

"ಈಗ ನನ್ನ ಕೈಲೆಲ್ಲಿದೆ? ಎಲ್ಲ ಕಡೆ ಹಬ್ಬಿಬಿಟ್ಟಿದೆ. ಹಾಡುಗಾರನೇ ನೋಡಿ, ಇಷ್ಟು ಅಚ್ಚುಕಟ್ಟಾಗಿ ಬಾರಿಸ್ತಿದ್ನಾ ಅಂತ ಆಶ್ಚರ್ಯಪಟ್ಟಿದಾನೆ."

ಮಾರನೆಯ ವಾರ ಮಾಮ ಕ್ಯಾಸೆಟ್ಟು ಹಿಡಿದು ಮನೆಗೇ ಬಂದ. ಅವಳ ಮೇಜಿನ ಮೇಲೆ ಯಾರದೋ ಕೆಳದವಡೆ ಅರ್ಧ ಹಲ್ಲಿನೊಂದಿಗೆ ಕೂತಿತ್ತು. ಅವನು ಅದರ ಪಕ್ಕ ಕ್ಯಾಸೆಟ್ಟಿಟ್ಟು, ನಿಂತೇ ಇದ್ದ.

"ನಿನಗೆ ಒಳ್ಳೇದಾಗಲಿ ಅಂತಲೇ ಮಾಡಿದ್ದು ಕಣಮ್ಮ. ತಪ್ಪು ಕಿವಿಗೆ ಬಿದ್ರೆ ಸುಮ್ನಿರೋಕಾಗಲ್ಲ ನನಗೆ."

"ತಪ್ಪೇ ಮಾಮ. ಆದರೆ ಅವನ ತಪ್ಪು. ಮುಖ ಇಲ್ಲ, ಮಾತಿಲ್ಲ, ಒಂದು ಕೈ ಇತ್ತು. ಅದು ಅವನದು ಅಂತ ಗೊತ್ತಾಗ್ತಿದ್ದದ್ದು ಆ ಓಟದಿಂದ. ನಾನು ಇಷ್ಟು ದಿನ ಧೂಳು ಒರೆಸಿದ್ದು ಅದಕ್ಕೇ."

ಕೂರಿ ಎಂದು ಅವಳು ಹೇಳಲಿಲ್ಲ. ಅವನು ಹೋದ ಮೇಲೆ ಬಾಗಿಲು ಹಾಕಿ, ಕ್ಯಾಸೆಟ್ಟನ್ನು ಎದೆಗವಚಿಕೊಂಡು ಅತ್ತಳು. ಆಮೇಲೆ ಅವರಿಬ್ಬರ ನಡುವೆ ಮಾತು ಬೆಳೆಯಲಿಲ್ಲ.

ಅವಳೇ ಕಲಿತು, ತಡವರಿಸಿ, ಕ್ಯಾಸೆಟ್ಟಿನ ಮೂಲ ಶಬ್ದವನ್ನು ತಾನು ಒರೆಸಿದ್ದ ಚಿತ್ರಕ್ಕೆ ಜೋಡಿಸಿದಳು. ಗೊರಗೊರ ಪೂರ್ತಿ ಹೋಗಲಿಲ್ಲ. ಕೊನೆಯ ಹಾಡು ಬಂದಾಗ ಅಮ್ಮ ತಡಕಾಡಿ ಸ್ಪೀಕರಿನ ಮೇಲೆ ಅಂಗೈಯಿಟ್ಟಳು, ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ. ಹಾಡು ಮುಗಿದ ಮೇಲೂ ತೆಗೆಯಲಿಲ್ಲ. ಆ ಚಳಿಗಾಲ ಕಳೆಯುವ ಮೊದಲೇ ಅಮ್ಮನೂ ಹೋದಳು.

ಅವಳು ತನ್ನ ಪ್ರತಿಯನ್ನೂ ಜನರ ಮುಂದಿಟ್ಟಳು. ನೋಡಿದವರು ಬೆರಳೆಣಿಕೆಯಷ್ಟು. ಅವರಲ್ಲೊಬ್ಬ ಕೆಳಗೆ ಬರೆದಿದ್ದ: "ಇದರಲ್ಲಿ ಡ್ರಮ್ಮರ್ ತಾಳ ತಪ್ಪಿದ್ದಾನೆ. ಸರಿಯಾದದ್ದು ಬೇರೆ ಇದೆ, ಅದನ್ನು ನೋಡಿ."

ಉತ್ತರ ಬರೆಯಲು ಕೂತಳು. ಒಂದೆರಡು ಸಾಲು ಬರೆದು ಅಳಿಸಿದಳು. ವೈದ್ಯರ ಕಡೆಯವರು ಸೆಟ್ಟಿಗಾಗಿ ಬಾಗಿಲು ತಟ್ಟಿದರು, ಎದ್ದು ಹೋದಳು.