ಎರಡನೇ ಸಾಲು, ಮೂರನೇ ಮನಿ

ಬಣ್ಣ ಒಣಗಿದ ಮೇಲೆ ಹಾಳೆಗೆ ಅಂಟಿಸಿದ ಟೇಪನ್ನು ಕೀಳುವ ಕೆಲಸವನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ. ಟೇಪು ಮೆಲ್ಲಗೆ ಮೇಲೇಳುತ್ತದೆ, ಅದರ ಕೆಳಗಿಂದ ಬಿಳಿ ಗೆರೆ ಕಾಣುತ್ತದೆ, ಗೆರೆಯ ಆಚೆ ಈಚೆ ಬಣ್ಣದ ಚೌಕಗಳು ಅಂಚು ಕೆಡದೆ ನಿಂತಿರುತ್ತವೆ. ಪ್ರತಿ ಸಲವೂ ಮೈ ಜುಂ ಎನ್ನುತ್ತದೆ. ನಾನು ಭಾಲ್ಕಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಚಿತ್ರ ಬರೆಯಲು ಬಾರದು. ಬೋರ್ಡಿನ ಮೇಲೆ ನಾನು ಬರೆದ ಆಕಳನ್ನು ಮಕ್ಕಳು ನಾಯಿ ಎಂದದ್ದುಂಟು. ಆದರೆ ಸ್ಕೇಲು ಹಿಡಿದು ಚೌಕ ಹಾಕುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ನನಗಿದೆ. ಫೋನಿನಲ್ಲಿ ಯಾರೋ ಒಬ್ಬಾಕೆ ಪುಸ್ತಕದ ಹಾಳೆಯಲ್ಲಿ ಚೌಕ ಹಾಕಿ ಒಂದೊಂದರಲ್ಲೂ ಒಂದೊಂದು ಜಲವರ್ಣ ತುಂಬುವುದನ್ನು ನೋಡಿದೆ. ಅದೇ ಸಂಜೆ ಬೀದರಿನ ಪೇಟೆಗೆ ಹೋಗಿ ದಪ್ಪ ಹಾಳೆಯ ಪುಸ್ತಕ, ಹನ್ನೆರಡು ಬಣ್ಣದ ಬಿಲ್ಲೆಗಳ ಡಬ್ಬಿ, ಎರಡು ಬ್ರಶ್ ತಂದುಬಿಟ್ಟೆ. ಅಂದಿನಿಂದ ಹುಚ್ಚು ಹಿಡಿದಿದೆ, ಬಿಡುವ ಲಕ್ಷಣವಿಲ್ಲ.

ಬೀದರಿನಿಂದ ಭಾಲ್ಕಿಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತೇನೆ. ಮೊದಲೆಲ್ಲ ಆ ದಾರಿಯಲ್ಲಿ ನಿದ್ದೆ ಹೊಡೆಯುತ್ತಿದ್ದೆ. ಈಗ ಕಿಟಕಿ ಸೀಟಿಗಾಗಿ ಮುಲಾಜಿಲ್ಲದೆ ಜಗಳವಾಡುತ್ತೇನೆ. ಊರು ಬಿಡುವಾಗ ಕೆಂಪು ನೆಲ, ಭಾಲ್ಕಿ ಹತ್ತಿರವಾದಂತೆ ಕಪ್ಪು ನೆಲ, ನಡುವೆ ಹೂ ಬಿಟ್ಟ ತೊಗರಿ, ಒಣಗಿದ ಜೋಳದ ಕಣಿಕೆ, ಯಾರದೋ ಟ್ರ್ಯಾಕ್ಟರಿನ ಮೇಲೆ ಹೊದಿಸಿದ ತಾಡಪತ್ರಿ. ಇಷ್ಟನ್ನೂ ತಲೆಯಲ್ಲಿ ಹೊತ್ತು ತಂದು, ಚಹಾ ಕುದಿಯುವಷ್ಟರಲ್ಲಿ ಹಾಳೆಗೆ ಇಳಿಸುತ್ತೇನೆ. ‘ಸೋಮವಾರದ ಬಸ್ಸು’ ಎಂದು ಒಂದು ಪುಟವಿದೆ, ‘ಶನಿವಾರದ ಬಸ್ಸು’ ಎಂದು ಇನ್ನೊಂದು. ಎರಡರಲ್ಲೂ ಅದೇ ಹೊಲದ ಕಪ್ಪು, ಆದರೆ ಎರಡೂ ಬೇರೆ ಬೇರೆ. ನಡುವೆ ಒಂದು ಮಳೆ ಬಿದ್ದಿತ್ತು.

ಬಣ್ಣಗಳಿಗೆ ಹೆಸರಿಡುವುದು ಅವ್ವನ ಕೆಲಸ. ಡಬ್ಬಿಯ ಮೇಲಿನ ಇಂಗ್ಲಿಷ್ ಹೆಸರುಗಳು ಅವಳಿಗೆ ಸೇರುವುದಿಲ್ಲ. ಬ್ಲೌಸ್ ಪೀಸು, ಫಾಲು ಮಾರುವ ಮ್ಯಾಚಿಂಗ್ ಅಂಗಡಿಯಲ್ಲಿ ಹೆಂಗಸರು ಆಡುವ ಮಾತೇ ಅವಳ ಬಣ್ಣದ ಭಾಷೆ: ಆಸಮಾನಿ, ಅಂಗೂರಿ, ಪಿಸ್ತಾ, ಬದಾಮಿ, ಇಟ್ಟಿಗೆ ಬಣ್ಣದ ಇಟ್ಟಂಗಿ. ಚೌಕಾಬಾರಾ ಆಡಿ ಬೆಳೆದವಳಾದ್ದರಿಂದ ನನ್ನ ಚೌಕಗಳನ್ನೆಲ್ಲ ‘ಮನಿ’ ಎಂದೇ ಕರೆಯುತ್ತಾಳೆ.

“ಈ ಮನ್ಯಾಗ ಇಟ್ಟಂಗಿ ಹಾಕೀದಿ. ಬಾಜೂ ಮನ್ಯಾಗ ಬದಾಮಿ ಹಾಕು, ಚಂದ ಕಾಣ್ತದ,” ಎಂದು ಮಗ್ಗಲಲ್ಲಿ ಕೂತು ಹುಕುಂ ಮಾಡುತ್ತಾಳೆ. ಒಮ್ಮೊಮ್ಮೆ ನಾನು ಹಾಕಿದ ತಿಳಿ ನೀಲಿ ಆಸಮಾನಿಗೆ ಅವಳು ಹಸಿರು ಛಾಯೆಯ ಪಿಸ್ತಾ ಎನ್ನುತ್ತಿದ್ದಳು. ವಾದಕ್ಕಿಳಿದರೆ ನಾನೇ ಸೋಲುತ್ತಿದ್ದೆ.

ಅವ್ವ ನರ್ಸ್ ಆಗಿ ನಿವೃತ್ತಳಾದವಳು. ಚರ್ಚಿನಲ್ಲಿ ಈಗಲೂ ಎಲ್ಲರಿಗೂ ಅವಳು ‘ಸಿಸ್ಟರ್’. ಭಾನುವಾರ ಬಿಳಿ ಸೀರೆ ಬಿಟ್ಟು ಬೇರೆ ಉಟ್ಟವಳಲ್ಲ. ಬಿಳಿ ಬಟ್ಟೆ ಒಗೆದ ಮೇಲೆ ಬಕೆಟ್ ನೀರಿಗೆ ನಾಲ್ಕು ಹನಿ ನೀಲ್ ಹಾಕಿ ಅದ್ದಿ ತೆಗೆಯುತ್ತಾರಲ್ಲ, ಆ ಕೆಲಸವನ್ನು ನನ್ನ ಕೈಗೂ ಕೊಟ್ಟವಳಲ್ಲ. ಈಚಿನ ವರ್ಷಗಳಲ್ಲಿ ಸೀರೆ ಹಳದಿಗೆ ತಿರುಗಿದೆ ಎಂದು ಗೊಣಗತೊಡಗಿದಳು. ನಾಲ್ಕು ಹನಿ ಎಂಟಾಯಿತು, ಎಂಟು ಹೋಗಿ ಒಂದು ಮುಚ್ಚಳವಾಯಿತು. ಸೀರೆಗಳು ಒಂದೊಂದಾಗಿ ತಿಳಿ ನೀಲಿಯಾದವು. ಚರ್ಚಿನ ಹೆಂಗಸರು ಮಾತ್ರ ಎಂದಿನಂತೆ “ಸೀರಿ ಹಾಲಿನಂಗ ಬೆಳ್ಳಗದರಿ ಸಿಸ್ಟರ್” ಎನ್ನುತ್ತಿದ್ದರು. ಮನೆಯಿಂದ ಹೊರಡುವಾಗ ಅವ್ವ ನನ್ನನ್ನೂ ಕೇಳುತ್ತಿದ್ದಳು. ಅವಳ ಸಿಟ್ಟು ನನಗೆ ಗೊತ್ತು, ಬಸ್ಸಿನ ಅವಸರವಿಲ್ಲದ ಒಂದೇ ಒಂದು ದಿನ ಜಗಳ ಯಾಕೆ ಎಂದು ನಾನೂ “ಬೆಳ್ಳಗದ” ಎಂದುಬಿಡುತ್ತಿದ್ದೆ.

ಅವಳ ಎರಡೂ ಕಣ್ಣಿಗೆ ಮೋತಿಬಿಂದು ಬಂದಿದೆ, ಪೊರೆ ದಪ್ಪವಾಗಿದೆ ಎಂದು ಡಾಕ್ಟರು ಹೇಳಿದರು. ಮೊದಲು ಬಲಗಣ್ಣಿನ ಆಪರೇಷನ್ ಆಯಿತು, ಒಂದು ತಿಂಗಳು ಬಿಟ್ಟು ಎಡಗಣ್ಣಿಗೆ ದಿನ ಗೊತ್ತುಮಾಡಿದರು. ಬಲಗಣ್ಣಿನ ಪಟ್ಟಿ ಬಿಚ್ಚಿದ ಮರುದಿನ ಬಚ್ಚಲಿನಿಂದ ಕೂಗು ಕೇಳಿತು.

“ನಮ್ಮ ಪಿಸ್ತಾ ಮಗ್ಗು ಎಲ್ಲಿ ಇಟ್ಟೀದಿ? ಇದ್ಯಾರದು ಆಸಮಾನಿ ಮಗ್ಗು?”

“ಅದ ಮಗ್ಗು ಅವ್ವಾ. ಅದು ಮೊದಲಿಂದಾನೂ ಆಸಮಾನಿನ ಅದ.”

ಅವ್ವ ಆ ಪ್ಲಾಸ್ಟಿಕ್ ಮಗ್ಗನ್ನು ಅಂಗಳದ ಬಿಸಿಲಿಗೆ ತಂದಳು. ಒಂದು ಕಣ್ಣು ಮುಚ್ಚಿ ನೋಡಿದಳು, ಇನ್ನೊಂದು ಮುಚ್ಚಿ ನೋಡಿದಳು. ಆಮೇಲೆ ತೀರ್ಪು ಕೊಟ್ಟಳು. “ಆಪರೇಷನ್ ಕೆಟ್ಟದ. ನೀಲಿ ಲೆನ್ಸ್ ಕೂಡಿಸ್ಯಾರ. ಎಡಗಣ್ಣು ನಾ ಕೊಡಂಗಿಲ್ಲ.”

ಹಳದಿಗಟ್ಟಿದ ಪೊರೆ ತೆಗೆದಾಗ ಬಣ್ಣ ಹೀಗೆ ಬೇರೆಯಾಗಿ ಕಾಣುವುದು ಸಹಜ ಎಂದು ಡಾಕ್ಟರು ತಾಳ್ಮೆಯಿಂದ ತಿಳಿಸಿದರು. ಅವ್ವ ಅವರೆದುರು ತಲೆಯಾಡಿಸಿ, ಹೊರಗೆ ಬಂದು, “ಅಂವ ಹುಟ್ಟೋಕಿಂತ ಮೊದಲ ನಾ ಮಂದಿ ಕಣ್ಣಿಗಿ ಪಟ್ಟಿ ಕಟ್ಟೀನಿ,” ಎಂದಳು. ವಿಷಯ ಅಲ್ಲಿಗೇ ನಿಲ್ಲಲಿಲ್ಲ. ಔರಾದದಲ್ಲಿರುವ ನನ್ನ ಮೌಶಿಗೆ, ಎಂದರೆ ಅವ್ವನ ತಂಗಿಗೆ, ಅದೇ ತೊಂದರೆ. ಅಕ್ಕನಿಗೆ ಒಳ್ಳೆಯದಾದರೆ ತಾನೂ ಮಾಡಿಸಿಕೊಳ್ಳುತ್ತೇನೆ ಎಂದು ಕಾದು ಕೂತಿದ್ದಳು. ಅವ್ವ ಫೋನಿನಲ್ಲಿ ಅವಳಿಗೆ, “ಬರಬ್ಯಾಡ, ಇದ್ದ ಕಣ್ಣೂ ಕೆಡಸ್ತಾರ,” ಎಂದುಬಿಟ್ಟಳು. ಹೀಗೇ ಮೂರು ವಾರ ಕಳೆದು ಎಡಗಣ್ಣಿನ ದಿನಕ್ಕೆ ಒಂದೇ ವಾರ ಉಳಿಯಿತು. ಆ ಕಣ್ಣಿನ ಕಡೆಯಿಂದ ಯಾರಾದರೂ ಬಂದರೆ ಅವ್ವನಿಗೆ ದನಿ ಕೇಳಿಯೇ ಗುರುತು ಸಿಗುತ್ತಿತ್ತು. ನನಗೆ ಭಯವಾಯಿತು, ಭಯವಾದಾಗ ನನಗೆ ಸಿಟ್ಟು ಬರುತ್ತದೆ.

“ಯಾವ ಕಣ್ಣು ಖರೆ ಹೇಳ್ತದ, ಲೆಕ್ಕದಾಗ ತೋರಸ್ತೇನಿ, ಕೂಡು,” ಎಂದು ನನ್ನ ಬಣ್ಣದ ಪುಸ್ತಕ ತೆಗೆದೆ.

ನನ್ನ ಉಪಾಯ ನನಗೇ ಭಾರಿ ಎನ್ನಿಸಿತ್ತು. ಮಗ್ಗನ್ನು ಮೇಜಿನ ಮೇಲಿಟ್ಟೆ. ಹಾಳೆಯಲ್ಲಿ ಎರಡು ಚೌಕ ಹಾಕಿದೆ. ಅವ್ವ ಎಡಗಣ್ಣಿನಿಂದ ಮಗ್ಗು ನೋಡಿ ಕಂಡ ಬಣ್ಣವನ್ನೇ ಕಲಸಿ ಒಂದರಲ್ಲಿ ತುಂಬಬೇಕು, ಬಲಗಣ್ಣಿನಿಂದ ನೋಡಿ ಇನ್ನೊಂದರಲ್ಲಿ. ಒಂದು ಪಿಸ್ತಾ ಬರುತ್ತದೆ, ಒಂದು ಆಸಮಾನಿ ಬರುತ್ತದೆ, ಆಗ ಕಣ್ಣಿನ ಬಂಡವಾಳ ಬಯಲಾಗುತ್ತದೆ. ಅವ್ವ ಹುರುಪಿನಿಂದಲೇ ಕೂತಳು. ಇಂಜೆಕ್ಷನ್ ಹಿಡಿದ ಕೈ, ಬ್ರಶ್ ಒಂದಿಷ್ಟೂ ನಡುಗಲಿಲ್ಲ. ಒಂದೊಂದು ಕಣ್ಣಿಗೂ ಸಾಕಷ್ಟು ಹೊತ್ತು ತೆಗೆದುಕೊಂಡು, ತಿದ್ದಿ ತಿದ್ದಿ ಹೊಂದಿಸಿದಳು. ಒಣಗಿದ ಮೇಲೆ ನಾನು ಟೇಪು ಕಿತ್ತೆ.

ಎರಡೂ ಚೌಕ ಆಸಮಾನಿ! ಅಕ್ಕಪಕ್ಕದಲ್ಲಿ, ಒಂದು ತಾಯಿಯ ಮಕ್ಕಳ ಹಾಗೆ, ಒಂದೇ ಬಣ್ಣ.

“ನೋಡಿದೇನು? ಎರಡೂ ಒಂದ ಅವ. ಅಂದ್ರ ನನ್ನ ಎಡಗಣ್ಣಿಗಿ ಏನೂ ಆಗಿಲ್ಲ,” ಎಂದು ಅವ್ವ ಬ್ರಶ್ ಕೆಳಗಿಟ್ಟಳು. ನನ್ನ ಮುಖ ಹುಳ್ಳಗಾಯಿತು. ಊಟವೂ ಸೇರಲಿಲ್ಲ.

ಮರುದಿನ ಬಸ್ಸಿನಲ್ಲಿ ತಲೆ ಕೆಡಿಸಿಕೊಂಡು ಕೂತಿದ್ದೆ. ಮುಂದಿನ ಸೀಟಿನವನು ಹಳದಿ ಗಾಜಿನ ಕನ್ನಡಕ ಹಾಕಿಕೊಂಡು ಫೋನು ನೋಡುತ್ತಿದ್ದ. ಅವನು ಒಮ್ಮೆ ಫೋನು ನೋಡಿದ, ಒಮ್ಮೆ ಹೊರಗೆ ನೋಡಿದ. ಥಟ್ಟನೆ ಹೊಳೆಯಿತು. ಅವನಿಗೆ ಫೋನೂ ಹಳದಿ, ಹೊಲವೂ ಹಳದಿ! ಅವ್ವ ಎಡಗಣ್ಣಿನಿಂದ ಮಗ್ಗು ನೋಡಿದಳು, ಸರಿ, ಆದರೆ ಬಣ್ಣ ಕಲಸುವಾಗಲೂ ಅದೇ ಕಣ್ಣಿನಿಂದಲೇ ನೋಡಿದಳಲ್ಲ! ಮಗ್ಗಿಗೆ ಬಿದ್ದ ಪರದೆಯೇ ಹಾಳೆಗೂ ಬಿದ್ದಿತ್ತು, ಎರಡೂ ಹೊಂದದೆ ಏನಾದೀತು? ಸಮೀಕರಣದ ಎರಡೂ ಕಡೆ ಒಂದೇ ಸಂಖ್ಯೆ ಕೂಡಿಸಿದರೆ ಏನೂ ಬದಲಾಗುವುದಿಲ್ಲ ಎಂದು ದಿನಾ ಬೋರ್ಡಿನ ಮೇಲೆ ಬರೆಯುವವಳು ನಾನೇ. ಸೀಟಿನಲ್ಲೇ ಎದ್ದು ನಿಂತು “ಹೌದಲ್ಲ!” ಎಂದು ಕೂಗಿದೆ. ಕಂಡಕ್ಟರು ಸೀಟಿ ಊದಿ ಬಸ್ಸು ನಿಲ್ಲಿಸಿದ. “ಇಳೀತೀರೇನ್ರಿ ಮೇಡಂ?” ಎಂದ. ಇಳಿದು ಬೀದರಿಗೆ ವಾಪಸ್ಸು ಓಡಬೇಕೆನಿಸಿತ್ತು. ಆದರೆ ಮೊದಲನೇ ಪೀರಿಯಡ್ ಇತ್ತು.

ಸಂಜೆ ಮನೆಗೆ ಬಂದವಳೇ ಕೈಕಾಲೂ ತೊಳೆಯದೆ ಅವ್ವನನ್ನು ಅಂಗಳದ ಬೆಳಕಿನಲ್ಲಿ ಕೂರಿಸಿದೆ. ಹಾಳೆಗೆ ಟೇಪು ಅಂಟಿಸಿ ನಾಲ್ಕು ಸಾಲು ಚೌಕ ಮಾಡಿದೆ. ಹೊಸ ನೀರು, ತೊಳೆದ ಬ್ರಶ್. ಡಬ್ಬಿಯಿಂದ ಹಳದಿ ಬಿಲ್ಲೆಯನ್ನು ಕಿತ್ತು ಅವ್ವನ ಮುಷ್ಟಿಯಲ್ಲಿಟ್ಟೆ.

“ಇದನ್ನ ಹಿಡ್ಕೊ. ನಾ ಕೇಳಿದ್ರೂ ಕೊಡಬ್ಯಾಡ.”

ಅವಳ ಕಣ್ಣೆದುರೇ ಬರೀ ನೀಲಿ, ಬರೀ ನೀರು. ಮೊದಲ ಮನೆಯಲ್ಲಿ ಗಾಢ, ಮುಂದೆ ಮುಂದೆ ತಿಳಿ. ಎರಡನೇ ಸಾಲಿನ ಮೂರನೇ ಮನೆಗೆ ಬಂದಾಗ ಮಗ್ಗಿನ ಬಣ್ಣ ಥೇಟ್ ಕೂತಿತು.

“ಎಡಗಣ್ಣೀಲೆ ನೋಡು. ಯಾವ ಬಣ್ಣ?”

“ಪಿಸ್ತಾ,” ಎಂದಳು, ಅನುಮಾನವೇ ಇಲ್ಲದೆ.

“ಈಗ ಆ ಕಣ್ಣು ಮುಚ್ಚು. ಬರೀ ಬಲಗಣ್ಣೀಲೆ ನೋಡ್ಕೋತ, ಆಗ ನೋಡಿದ ಪಿಸ್ತಾನ ಬಾಜೂ ಮನ್ಯಾಗ ಮಾಡಿ ತೋರ್ಸು.”

ಅವ್ವ ನೀಲಿ ತೆಗೆದುಕೊಂಡು ಪ್ಲೇಟಿನ ಮೇಲೆ ಹಚ್ಚಿ ನೋಡಿದಳು. ಅಲ್ಲ. ನೀರು ಹಾಕಿದಳು. ಅಲ್ಲ. ಇನ್ನಷ್ಟು ನೀರು. ಅಲ್ಲವೇ ಅಲ್ಲ. “ಇದಕ್ಕ ಹಳದಿ ಬೇಕಲ್ಲ...” ಎಂದು ತನ್ನ ಮುಷ್ಟಿ ಬಿಚ್ಚಿದಳು. ಬಿಲ್ಲೆ ಅವಳ ಅಂಗೈಯಲ್ಲೇ ಇತ್ತು.

“ನಾ ಹಳದಿ ಹಾಕೇ ಇಲ್ಲ ಅವ್ವಾ. ಅದು ನಿನ್ನ ಕೈಯಾಗ ಇತ್ತು. ಮತ್ತ ನೀ ಕಂಡ ಪಿಸ್ತಾದಾಗ ಹಳದಿ ಎಲ್ಲಿಂದ ಬಂತು?”

ಅವ್ವ ಒದ್ದೆ ಬ್ರಶ್ಶನ್ನು ಹಳದಿಗೆ ಮುಟ್ಟಿಸಿ, ನೀಲಿಯಲ್ಲಿ ಬೆರೆಸಿ, ನಾಲ್ಕನೇ ಮನೆ ತುಂಬಿದಳು. ಅಚ್ಚ ಪಿಸ್ತಾ. ಎರಡು ಮನೆಗಳನ್ನೂ ಬಲಗಣ್ಣಿನಿಂದ ಬಹಳ ಹೊತ್ತು ನೋಡಿದಳು. “ಕಣ್ಣಾಗಿಂದ ಬಂದದ,” ಎಂದಳು, ತನಗೆ ತಾನೇ ಹೇಳಿಕೊಳ್ಳುವಂತೆ.

ನಾನು ಚಪ್ಪಾಳೆ ತಟ್ಟಿದೆ, ಕುಣಿದೆ, ಗೆದ್ದೆ ಗೆದ್ದೆ ಎಂದು ಅಂಗಳ ಸುತ್ತಿದೆ. ಇಷ್ಟು ವರ್ಷದ ಮಾಸ್ತರಿಕೆಯಲ್ಲಿ ಯಾವ ಲೆಕ್ಕ ಬಿಡಿಸಿದಾಗಲೂ ಇಷ್ಟು ಖುಷಿಯಾಗಿರಲಿಲ್ಲ. ಕುಣಿಯುತ್ತಲೇ ಔರಾದಕ್ಕೆ ಫೋನು ಹಚ್ಚಬೇಕು ಎನ್ನುತ್ತಿದ್ದೆ. ತಿರುಗಿ ನೋಡಿದರೆ ಅವ್ವ ಅಲ್ಲಿರಲಿಲ್ಲ.

ಒಳಗಿಂದ ಬಂದಳು. ಕೈಯಲ್ಲಿ ಭಾನುವಾರದ ಸೀರೆ. ಅದನ್ನು ಹಾಳೆಯ ಪಕ್ಕದಲ್ಲಿ ಹಾಸಿದಳು. ಎಡಗಣ್ಣು ಮುಚ್ಚಿಯೇ ಇತ್ತು.

“ಇದೂ?”

ನನ್ನ ಕುಣಿತ ನಿಂತಿತು.

“ಲೆನ್ಸಿಂದ ತಪ್ಪು ಅಂತ ನಾ ಸುಮ್ಮನಿದ್ದೆ. ಇದು ಖರೇನೇ ನೀಲಿ ಅದ?” ಎಂದಳು. ನಾನು ಹೂಂ ಎಂದೆ. “ಎಷ್ಟ ದಿನದಿಂದ?”

“ಮೂರು ವರ್ಷ ಆಗಿರಬೇಕು.”

ಅವಳು ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. “ಚರ್ಚಿನವರು ಹೋಗಲಿ, ಅವ್ರು ಮಂದಿ,” ಎಂದು ಸೀರೆ ಮಡಚತೊಡಗಿದಳು. “ನೀ ಬಣ್ಣ ಬಲ್ಲಾಕಿ. ಒಂದ ಹೊಲದ ಕಪ್ಪಿಗೆ ಎರಡು ಪುಟ ಮಾಡ್ತಿ. ನಿನಗ ನಂಬಿ ನಾ ವಾರ ವಾರ ಕೇಳೇನಿ.”

ನಾಚಿಕೆಯಿಂದ ನನಗೆ ನೆಲಕ್ಕಿಳಿದು ಹೋದಂತಾಯಿತು. ನಾನು ಒಂದೇ ಒಂದು ಭಾನುವಾರ ನಿಜ ಹೇಳಿದ್ದರೆ ಅವಳ ಕಣ್ಣು ಡಾಕ್ಟರ ಬಳಿಗೆ ಆಗಲೇ ಹೋಗುತ್ತಿತ್ತು. ಅದು ನನಗೆ ಆ ಗಳಿಗೆಯಲ್ಲಿ ಹೊಳೆಯಿತು, ಅವ್ವನಿಗೂ ಹೊಳೆದಿತ್ತು.

ಎರಡು ದಿನ ಅವಳು ಅಗತ್ಯವಿದ್ದಷ್ಟೇ ಮಾತಾಡಿದಳು. ಮೂರನೇ ದಿನ ರೊಟ್ಟಿ ಬಡಿಯುತ್ತಾ, “ಡಾಕ್ಟರಿಗಿ ಫೋನ್ ಹಚ್ಚು. ಔರಾದಕೂ ಹಚ್ಚು,” ಎಂದಳು. ಪಕ್ಕದಲ್ಲಿ ಹಿಟ್ಟು ನಾದುತ್ತಿದ್ದ ನಾನು ಕೈ ಒರೆಸಿಕೊಳ್ಳದೆಯೇ ಫೋನಿಗೆ ಓಡಿದೆ, ಸ್ಕ್ರೀನಿಗೆಲ್ಲ ಹಿಟ್ಟಾಯಿತು.

ಗೊತ್ತುಮಾಡಿದ ದಿನವೇ ಎಡಗಣ್ಣಿನ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿ, ಡಾಕ್ಟರು ಹೊರಗೆ ತಿರುಗಾಡಬಹುದು ಎಂದ ಮೇಲಿನ ಮೊದಲ ಭಾನುವಾರ ಔರಾದದ ಮೌಶಿಯೂ ನಮ್ಮ ಮನೆಯಲ್ಲಿದ್ದಳು, ಮರುದಿನ ಅವಳ ಕಣ್ಣಿನ ಪರೀಕ್ಷೆಯಿತ್ತು. ನಾನು ಪ್ರಾಯಶ್ಚಿತ್ತವೆಂದು ಅವ್ವನಿಗೆ ಹೊಸ ಬಿಳಿ ಸೀರೆ ತಂದು ಇಸ್ತ್ರಿ ಮಾಡಿ ಮಂಚದ ಮೇಲಿಟ್ಟಿದ್ದೆ. ಅವ್ವ ಅದನ್ನು ಮುಟ್ಟಿ ನೋಡಿ, ಕಪಾಟಿನಲ್ಲಿಟ್ಟು, ಹಳೆಯ ಸೀರೆಯನ್ನೇ ಉಟ್ಟು ಹೊರಟಳು. ಕಪ್ಪು ಕನ್ನಡಕ ಬೇರೆ.

ಚರ್ಚಿನ ಬಾಗಿಲಲ್ಲಿ ಹೆಂಗಸರು ಮುತ್ತಿಕೊಂಡರು. ಕಣ್ಣು ಹ್ಯಾಂಗ ಅವರಿ, ಆರಾಮ ಇದ್ದೀರೇನ್ರಿ ಎಂದು ಕೇಳಿದರು. ಅವರಲ್ಲೊಬ್ಬಾಕೆ ರೂಢಿಯಂತೆ ಸೆರಗು ಮುಟ್ಟಿ, “ಸೀರಿ ಹಾಲಿನಂಗ ಬೆಳ್ಳಗದರಿ ಸಿಸ್ಟರ್,” ಎಂದಳು.

ಅವ್ವ ಕನ್ನಡಕ ತೆಗೆದಳು. ಎರಡೂ ಕಣ್ಣು ನನ್ನ ಕಡೆ ತಿರುಗಿದವು.

“ನೀ ಹೇಳು. ಇದು ಯಾವ ಬಣ್ಣ?”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

“ಆಸಮಾನಿ, ಅವ್ವಾ,” ಎಂದೆ.

“ಹಾಂ,” ಎಂದು ಅವ್ವ ನನ್ನ ತೋಳು ಹಿಡಿದುಕೊಂಡಳು. “ಎರಡನೇ ಸಾಲು, ಮೂರನೇ ಮನಿ.”